ಫ್ಯಾಮಿಲಿ ಲಿಂಕ್: ರಾತ್ರಿಯ ಬೀಗ ಗಟ್ಟಿ, ಹಗಲಿನ ಲೆಕ್ಕ ಪೊಳ್ಳು

ಮಕ್ಕಳ ಮೊಬೈಲಿಗೆ ಕಡಿವಾಣ ಹಾಕಲು ಯಾವ ಆ್ಯಪ್ ಒಳ್ಳೆಯದು ಎಂಬ ಮಾತು ಪೋಷಕರ ನಡುವೆ ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರು ಗೂಗಲ್ ಸಂಸ್ಥೆಯ ಫ್ಯಾಮಿಲಿ ಲಿಂಕ್. 2017ರಲ್ಲಿ ಬಂದ ಈ ಆ್ಯಪ್‌ಗೆ ಹಣ ಕೊಡಬೇಕಾಗಿಲ್ಲ. ಮಗುವಿನ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು, ತಂದೆ ತಾಯಿ ತಾವು ಕುಳಿತಲ್ಲಿಂದಲೇ ಅದಕ್ಕೆ ಬೀಗ ಹಾಕಬಹುದು, ಬೀಗ ತೆಗೆಯಬಹುದು. ಹನುಮಂತನಗರದ ನಮ್ಮ ಮನೆಯಲ್ಲಿ ಆರನೇ ತರಗತಿಯ ಮಗಳ ಫೋನಿಗೆ ಇದನ್ನು ಪೂರ್ಣವಾಗಿಯೂ, ಹತ್ತನೇ ತರಗತಿಯ ಮಗನ ಫೋನಿಗೆ ಅವನ ಒಪ್ಪಿಗೆ ಪಡೆದು ಭಾಗಶಃವಾಗಿಯೂ ಬಳಸುತ್ತಿದ್ದೇವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದರ ಹತ್ತಾರು ಸೌಲಭ್ಯಗಳ ಪೈಕಿ ರಾತ್ರಿಯ ಬೀಗ ಮತ್ತು ಹೊಸ ಆ್ಯಪ್‌ಗೆ ಅನುಮತಿ, ಇವೆರಡು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಎಲ್ಲರೂ ಮೊದಲು ಹುಡುಕಿಕೊಂಡು ಹೋಗುವ ದಿನದ ಸಮಯಮಿತಿ ಮಾತ್ರ, ಒಂದೇ ಫೋನನ್ನು ನಾಲ್ಕು ಜನ ಮುಟ್ಟುವ ನಮ್ಮಂಥ ಮನೆಗಳ ರೀತಿನೀತಿಗೆ ಅಷ್ಟಾಗಿ ಹೊಂದುವುದಿಲ್ಲ.

ಹಾಕಿಕೊಳ್ಳುವ ಕೆಲಸ ಕಷ್ಟದ್ದಲ್ಲ, ಆದರೆ ಸ್ವಲ್ಪ ಸಮಾಧಾನ ಬೇಕು. 13 ವರ್ಷದೊಳಗಿನ ಮಗುವಿಗೆ ಗೂಗಲ್ ಖಾತೆಯನ್ನು ತಂದೆ ಅಥವಾ ತಾಯಿಯೇ ತಮ್ಮ ಖಾತೆಯ ಮೂಲಕ ತೆರೆಯಬೇಕು, ಹುಟ್ಟಿದ ದಿನಾಂಕವನ್ನು ಸರಿಯಾಗಿ ಕೊಡಬೇಕು, ಆಮೇಲೆ ಆ ಖಾತೆಯನ್ನು ಮಗುವಿನ ಫೋನಿನಲ್ಲಿ ಸೇರಿಸಬೇಕು. ಪೋಷಕರ ಕೈಯಲ್ಲಿರುವುದು ಐಫೋನ್ ಆದರೂ ತೊಂದರೆಯಿಲ್ಲ. ಆದರೆ ಮಗುವಿನ ಕೈಯಲ್ಲಿರುವುದು ಐಫೋನ್ ಆದರೆ ಸಮಯಮಿತಿ, ಬೀಗ ಯಾವುದೂ ನಡೆಯುವುದಿಲ್ಲ, ಅಂಥವರು ಆ್ಯಪಲ್ ಸಂಸ್ಥೆ 2018ರಲ್ಲಿ ತಂದ ಸ್ಕ್ರೀನ್ ಟೈಮ್ ಸೌಲಭ್ಯವನ್ನೇ ಬಳಸಬೇಕು. ನಮ್ಮಲ್ಲಿ ಮಗುವಿಗೆ ಸಿಗುವ ಮೊದಲ ಫೋನ್ ಸಾಮಾನ್ಯವಾಗಿ ಅಪ್ಪ ಹೊಸದು ಕೊಂಡಾಗ ಉಳಿದ ಹಳೆಯದು. ಅದನ್ನು ಮೊದಲು ಪೂರ್ತಿ ಅಳಿಸಿ, ಹೊಸ ಫೋನಿನಂತೆ ಮಾಡಿಕೊಂಡು, ಆಮೇಲೆ ಮಗುವಿನ ಖಾತೆಯನ್ನು ಹಾಕುವುದು ಕ್ಷೇಮ. ಅಪ್ಪನ ಖಾತೆ ಅದರಲ್ಲಿಯೇ ಉಳಿದಿದ್ದರೆ ಮಗುವಿನ ಮೇಲೆ ಹೇರಿದ ನಿಯಮಗಳು ಆ ಖಾತೆಗೆ ಅನ್ವಯಿಸುವುದಿಲ್ಲ ಎಂಬುದನ್ನು ಕಂಡುಕೊಳ್ಳಲು ಹನ್ನೊಂದು ವರ್ಷದ ಮಕ್ಕಳಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಮೊದಲು ರಾತ್ರಿಯ ಬೀಗದ ವಿಚಾರ. ಆ್ಯಪ್‌ನಲ್ಲಿ ಇದರ ಹೆಸರು ಡೌನ್‌ಟೈಮ್. ವಾರದ ಪ್ರತಿ ದಿನಕ್ಕೂ ಬೇರೆ ಬೇರೆ ಹೊತ್ತು ಗೊತ್ತುಪಡಿಸಬಹುದು. ಆ ಹೊತ್ತಿಗೆ ಸ್ವಲ್ಪ ಮುಂಚೆ ಮಗುವಿನ ಫೋನಿನಲ್ಲಿ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ, ಹೊತ್ತಾದೊಡನೆ ಪರದೆ ಮುಚ್ಚಿಕೊಳ್ಳುತ್ತದೆ. ಆಮೇಲೂ ಬರುವ ಕರೆಗಳನ್ನು ಸ್ವೀಕರಿಸಬಹುದು, ತುರ್ತು ಕರೆ ಮಾಡಬಹುದು, ನಾವು ಯಾವಾಗಲೂ ತೆರೆದಿರಲಿ ಎಂದು ಗುರುತು ಮಾಡಿಟ್ಟ ಆ್ಯಪ್‌ಗಳನ್ನು ಬಳಸಬಹುದು. ಉಳಿದದ್ದೆಲ್ಲ ಬೆಳಗಿನವರೆಗೆ ಬಂದ್. ಹಬ್ಬದ ಹಿಂದಿನ ದಿನವೋ ನೆಂಟರ ಮಕ್ಕಳು ಬಂದಾಗಲೋ ವೇಳಾಪಟ್ಟಿಯನ್ನು ಕೆಡಿಸದೆ ಅಂದಿನ ಮಟ್ಟಿಗೆ ಹೆಚ್ಚುವರಿ ಸಮಯ ಕೊಡುವ ಅವಕಾಶವೂ ಇದೆ.

ಈ ಒಂದು ಸೌಲಭ್ಯಕ್ಕೆ ನಾನು ಇಷ್ಟು ಬೆಲೆ ಕೊಡಲು ಕಾರಣ ಬೆಂಗಳೂರಿನ ಬೆಳಗು. ಟ್ರಾಫಿಕ್ಕಿಗೆ ಹೆದರಿ ಶಾಲೆಯ ಬಸ್ಸುಗಳು ಹೊತ್ತಿಗೆ ಮುಂಚೆಯೇ ಹೊರಡುತ್ತವೆ, ಹಾಗಾಗಿ ಆರು ಗಂಟೆಗೆ ಏಳದೆ ವಿಧಿಯಿಲ್ಲದ ಮಕ್ಕಳು ಈ ಊರಿನಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆರಕ್ಕೆ ಏಳುವ ಆರನೇ ತರಗತಿಯ ಹುಡುಗಿಗೆ ಕನಿಷ್ಠ ನಿದ್ದೆ ದಕ್ಕಬೇಕಾದರೂ ಒಂಬತ್ತಕ್ಕೆ ಕಣ್ಣು ಮುಚ್ಚಿರಬೇಕು ಎಂದಾಯಿತು. ಅಪ್ಪ ಅಮ್ಮ ಕಚೇರಿಯಿಂದ ಬರುವುದೇ ಎಂಟಕ್ಕೆ, ಊಟವಾಗುವುದು ಒಂಬತ್ತಕ್ಕೆ ಎನ್ನುವ ಮನೆಗಳಲ್ಲಿ ಇದನ್ನು ಸಾಧಿಸುವುದು ಎಷ್ಟು ಕಷ್ಟವೆಂದು ನನಗೆ ಚೆನ್ನಾಗಿ ಗೊತ್ತು, ಆದರೂ ಊಟದ ನಂತರ ಇನ್ನೊಂದು ಗಂಟೆ ಫೋನಿಗೆ ಹೋಗದಂತೆ ನೋಡಿಕೊಂಡರೆ ಅಷ್ಟಾದರೂ ನಿದ್ದೆ ಉಳಿಯುತ್ತದೆ. ಪರದೆಯ ಬೆಳಕು ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನನ್ನು ತಡಮಾಡಿಸುತ್ತದೆ ಎನ್ನುವುದು ಒಂದು ಕಡೆಯಾದರೆ, ಒಂದು ವಿಡಿಯೊ ಮುಗಿದೊಡನೆ ಮುಂದಿನದು ತಾನಾಗಿ ಶುರುವಾಗುವ ವ್ಯವಸ್ಥೆಯೇ ಮಕ್ಕಳನ್ನು ಹಾಸಿಗೆಯಿಂದ ದೂರ ಇಡುವುದರಲ್ಲಿ ಇನ್ನೂ ದೊಡ್ಡ ಪಾಲು ವಹಿಸುತ್ತದೆ ಎಂಬುದು ನಾನು ಕಂಡ ಸಂಗತಿ.

ರಾತ್ರಿಯ ಬೀಗದಲ್ಲಿ ಇನ್ನೊಂದು ಗುಣವಿದೆ. ಅದು ಪ್ರತಿದಿನ ಒಂದೇ ಹೊತ್ತಿಗೆ ಬೀಳುವುದರಿಂದ ಅದರ ಬಗ್ಗೆ ವಾದ ಹುಟ್ಟುವುದಿಲ್ಲ. ಅಮ್ಮನ ಮನಸ್ಸು ಚೆನ್ನಾಗಿದೆಯೇ, ಅಪ್ಪ ಫೋನಿನಲ್ಲಿ ಮಾತನಾಡುತ್ತಿದ್ದಾರೆಯೇ ಎಂದು ಸಮಯ ನೋಡಿ ಬೇಡಿಕೆ ಇಡುವ ದಾರಿ ಅಲ್ಲಿ ಮುಚ್ಚಿರುತ್ತದೆ. ನಮ್ಮ ಮನೆಯಲ್ಲಿ ಇದರ ಜೊತೆಗೆ ಮತ್ತೊಂದು ಕ್ರಮವನ್ನೂ ಸೇರಿಸಿದೆವು: ರಾತ್ರಿ ಎಲ್ಲರ ಫೋನುಗಳೂ, ದೊಡ್ಡವರದ್ದೂ ಸೇರಿ, ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕದ ಪ್ಲಗ್ಗಿನ ಹತ್ತಿರ ಚಾರ್ಜಿಗೆ ಹೋಗುತ್ತವೆ. ಹತ್ತನೇ ತರಗತಿಯ ಮಗ ಅಲಾರಂ ಇಲ್ಲದೆ ಏಳುವುದು ಹೇಗೆ ಎಂದು ಪಟ್ಟು ಹಿಡಿದಾಗ ಅವನ ಅಪ್ಪ ಮರುದಿನವೇ ಚಿಕ್ಕಪೇಟೆಯಿಂದ ಕೀಲಿ ಕೊಡುವ ಟೇಬಲ್ ಗಡಿಯಾರವೊಂದನ್ನು ತಂದಿಟ್ಟರು. ಅದು ಬೆಳಿಗ್ಗೆ ಹೊಡೆದುಕೊಳ್ಳುವ ಸದ್ದಿಗೆ ಪಕ್ಕದ ಮನೆಯವರೂ ಎದ್ದು ಕೂರುತ್ತಾರೆ. ದೊಡ್ಡವರ ಫೋನ್ ಹಾಸಿಗೆಯಲ್ಲಿದ್ದು ಮಕ್ಕಳದ್ದು ಮಾತ್ರ ಬೀಗದೊಳಗಿದ್ದರೆ ಈ ಆ್ಯಪ್ ಮಕ್ಕಳ ಕಣ್ಣಿಗೆ ಬರೀ ಶಿಕ್ಷೆಯಾಗಿಯೇ ಕಾಣುತ್ತದೆ, ಮತ್ತು ಹಾಗೆ ಕಂಡರೆ ಅದು ಅವರ ತಪ್ಪಲ್ಲ.

ಎರಡನೆಯ ಉಪಯುಕ್ತ ಸೌಲಭ್ಯ ಅನುಮತಿಯದು. ಪ್ಲೇ ಸ್ಟೋರಿನಿಂದ ಮಗು ಏನನ್ನಾದರೂ ಇಳಿಸಿಕೊಳ್ಳಲು ಹೊರಟರೆ ಕೋರಿಕೆ ಪೋಷಕರ ಫೋನಿಗೆ ಬರುತ್ತದೆ. ಒಪ್ಪಿದರೆ ಮಾತ್ರ ಇಳಿಯುತ್ತದೆ. ಎಲ್ಲ ಆ್ಯಪ್‌ಗಳಿಗೂ ಅನುಮತಿ ಬೇಕೇ, ಹಣ ಕೊಡುವವುಗಳಿಗೆ ಮಾತ್ರವೇ, ಆಟದೊಳಗೆ ನಾಣ್ಯ ವಜ್ರ ಇತ್ಯಾದಿ ಕೊಳ್ಳುವುದಕ್ಕೆ ಮಾತ್ರವೇ ಎಂದು ಆರಿಸಿಕೊಳ್ಳಬಹುದು. 13ಕ್ಕಿಂತ ಚಿಕ್ಕವರಿಗೆ ಎಲ್ಲಕ್ಕೂ ಅನುಮತಿ ಇರುವುದೇ ಸರಿ. ಒಮ್ಮೆ ಒಪ್ಪಿದ ಆ್ಯಪ್‌ಗೆ ಆಮೇಲೆ ಬರುವ ಅಪ್‌ಡೇಟ್‌ಗಳಿಗಾಗಲಿ, ಅಳಿಸಿ ಮತ್ತೆ ಹಾಕಿಕೊಳ್ಳುವುದಕ್ಕಾಗಲಿ ಪುನಃ ಅನುಮತಿ ಕೇಳುವುದಿಲ್ಲ ಎಂಬುದು ನೆನಪಿನಲ್ಲಿರಬೇಕು, ಏಕೆಂದರೆ ಇಂದು ಸೀದಾಸಾದಾ ಇದ್ದ ಚಿತ್ರ ಬಿಡಿಸುವ ಆ್ಯಪ್ ಮುಂದಿನ ವರ್ಷ ಅಪರಿಚಿತರೊಡನೆ ಹರಟುವ ಸೌಲಭ್ಯವನ್ನು ಸೇರಿಸಿಕೊಂಡಿರಬಹುದು.

ಈ ಕೋರಿಕೆ ಬರುವ ಕ್ಷಣವೇ ಮಗುವಿನೊಡನೆ ಕುಳಿತು ಮಾತನಾಡಲು ಈ ಆ್ಯಪ್ ಕೊಡುವ ಅತ್ಯುತ್ತಮ ಅವಕಾಶ ಎಂದು ನನಗನ್ನಿಸಿದೆ. ಮಗಳು ಕೇಕ್ ಅಲಂಕಾರ ಮಾಡುವ ಆಟವೊಂದನ್ನು ಕೇಳಿದ್ದಳು. ಅದರ ಮೇಲೆ 3+ ಎಂದು ಬರೆದಿತ್ತು, ಅಂದರೆ ವಿಷಯದ ದೃಷ್ಟಿಯಿಂದ ಮೂರು ವರ್ಷದ ಮಗುವಿಗೂ ಅಡ್ಡಿಯಿಲ್ಲ. ಒಪ್ಪಿಗೆ ಕೊಡುವ ಮೊದಲು ಇಬ್ಬರೂ ಆ ಪುಟವನ್ನು ಕೆಳಗಿನವರೆಗೆ ಓದಿದೆವು. ಜಾಹೀರಾತುಗಳಿವೆ, ಒಳಗೆ ಕೊಳ್ಳುವ ಸರಕುಗಳಿವೆ ಎಂದು ಸಣ್ಣ ಅಕ್ಷರದಲ್ಲಿತ್ತು. 2022ರಿಂದ ಪ್ಲೇ ಸ್ಟೋರಿನಲ್ಲಿ ತೋರಿಸುತ್ತಿರುವ ಮಾಹಿತಿ ಸುರಕ್ಷತೆಯ ಭಾಗವನ್ನು ತೆರೆದರೆ, ಆ ಆಟ ಮಗು ಇರುವ ಸ್ಥಳದ ಅಂದಾಜನ್ನು ಬೇರೆ ಕಂಪನಿಗಳಿಗೆ ಕೊಡಬಹುದು ಎಂದು ಇತ್ತು. "ಕೇಕ್ ಮಾಡೋಕೆ ನಾವೆಲ್ಲಿದ್ದೀವಿ ಅಂತ ಯಾಕಮ್ಮ ಬೇಕು?" ಎಂದು ಅವಳೇ ಕೇಳಿದಳು. ಆ ಆಟವನ್ನು ಹಾಕಿಕೊಳ್ಳಲಿಲ್ಲ. ವಯಸ್ಸಿನ ಗುರುತು ಹಿಂಸೆ, ಅಶ್ಲೀಲತೆ ಇತ್ಯಾದಿಗಳ ಬಗ್ಗೆ ಹೇಳುತ್ತದೆಯೇ ಹೊರತು ಆಟ ಎಷ್ಟು ಅಂಟಿಕೊಳ್ಳುವಂಥದ್ದು ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬ ತಿಳಿವಳಿಕೆ ಒಂದು ಆಟದ ನಷ್ಟಕ್ಕೆ ಸಿಕ್ಕಿದ ಲಾಭ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದೆ, ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಆದರೂ ಪ್ಲೇ ಸ್ಟೋರಿನ ಹೊರಗೆ, ಟೆಲಿಗ್ರಾಮಿನಲ್ಲೋ ಗೆಳೆಯರ ಗುಂಪಿನಲ್ಲೋ ಕೊಂಡಿ ಕಳಿಸಿ ನೇರವಾಗಿ ಇಳಿಸಿಕೊಳ್ಳಲು ಹೇಳುವ ಆ್ಯಪ್‌ಗಳ ಕಾಟ ತಪ್ಪಿದ್ದಲ್ಲ. ಅಪರಿಚಿತ ಮೂಲದಿಂದ ಆ್ಯಪ್ ಹಾಕಿಕೊಳ್ಳುವುದನ್ನು ಫ್ಯಾಮಿಲಿ ಲಿಂಕ್‌ನಲ್ಲಿಯೇ ತಡೆಯಬಹುದು, ಆ ಸೆಟ್ಟಿಂಗ್ಸ್ ಮುಚ್ಚಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಈಗ ದಿನದ ಸಮಯಮಿತಿ. ಸೋಮವಾರದಿಂದ ಶುಕ್ರವಾರ ಒಂದು ಗಂಟೆ, ಶನಿವಾರ ಭಾನುವಾರ ಎರಡು ಗಂಟೆ ಎಂದು ಹಾಕಿಬಿಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ ಬರುವುದು ಸಹಜ. ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಅಂಕಿಗಳನ್ನು ಕೊಟ್ಟಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ, ಊರಿನ ಅಜ್ಜಿ ತಾತನೊಡನೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ ಬಿಟ್ಟರೆ, ಪರದೆಯೇ ಬೇಡ, ಎರಡರಿಂದ ಐದರವರೆಗೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ ಇರಬೇಕು. ಆದರೆ ಹತ್ತು ದಾಟಿದವರ ವಿಷಯಕ್ಕೆ ಬಂದಾಗ ಅದೇ ಮಾರ್ಗಸೂಚಿ ಗಂಟೆಯ ಲೆಕ್ಕಕ್ಕಿಂತ ಹೆಚ್ಚಾಗಿ ನಿದ್ದೆ, ಓದು, ಆಟ, ಮನೆಯವರೊಡನೆ ಕಳೆಯುವ ಹೊತ್ತು ಇವುಗಳೊಂದಿಗಿನ ಸಮತೋಲನದ ಮೇಲೆ ಒತ್ತು ಕೊಡುತ್ತದೆ. ಇದರಲ್ಲಿ ಅರ್ಥವಿದೆ. ನಲವತ್ತು ನಿಮಿಷ ಚದುರಂಗ ಆಡಿದ ಮಗುವಿಗೂ, ನಲವತ್ತು ನಿಮಿಷ ರೀಲ್ಸ್ ಸರಿಸಿದ ಮಗುವಿಗೂ ದಿನದ ಮಿತಿಯಲ್ಲಿ ಕಳೆಯುವುದು ಅದೇ ನಲವತ್ತು ನಿಮಿಷ. ಪಾಠದ ಆ್ಯಪ್‌ಗಳನ್ನು ಮಿತಿಯ ಹೊರಗಿಡುವ ಅವಕಾಶ ಇದೆ, ಒಂದೊಂದು ಆ್ಯಪ್‌ಗೂ ಪ್ರತ್ಯೇಕ ಮಿತಿ ಹಾಕುವ ಅವಕಾಶವೂ ಇದೆ. ಒಟ್ಟು ಮಿತಿಯನ್ನು ತೆಗೆದು, ವಿಡಿಯೊ ಮತ್ತು ಆಟದ ಎರಡು ಮೂರು ಆ್ಯಪ್‌ಗಳಿಗೆ ಮಾತ್ರ ಮಿತಿ ಹಾಕುವುದು ನನ್ನ ದೃಷ್ಟಿಯಲ್ಲಿ ಮೇಲು.

ಒಟ್ಟು ಮಿತಿಯ ಇನ್ನೊಂದು ಪರಿಣಾಮ ಚೌಕಾಸಿ. ಹೊತ್ತು ಮುಗಿಯುತ್ತಿದ್ದಂತೆ ಇನ್ನಷ್ಟು ಬೇಕೆಂಬ ಬೇಡಿಕೆ ಬರುತ್ತದೆ, ಒಪ್ಪುವುದೂ ಬಿಡುವುದೂ ಆ ಗಳಿಗೆಯ ದಣಿವನ್ನು ಅವಲಂಬಿಸಿರುತ್ತದೆ. ಸಂಜೆ ಬಿಎಂಟಿಸಿ ಬಸ್ಸಿನಲ್ಲಿ ಟೌನ್‌ಹಾಲ್ ಹತ್ತಿರ ನಿಂತುಕೊಂಡೇ ಬರುತ್ತಿರುವಾಗ ಮನೆಯಿಂದ ಅತ್ತೆಯವರ ಕರೆ ಬರುತ್ತದೆ: "ಮಗು ಒಂದೇ ಸಮ ಅಳ್ತಾ ಇದೆ ಕಣಮ್ಮ, ಅದೇನೋ ನಂಬರ್ ಹೇಳಬೇಕಂತೆ ನೀನು." ಅವರು ಹೇಳುವ ನಂಬರ್ ಪೋಷಕರ ಫೋನಿನಲ್ಲಿ ಕಾಣುವ, ಮಗುವಿನ ಫೋನಿನ ಬೀಗ ತೆಗೆಯುವ ಸಂಕೇತ ಸಂಖ್ಯೆ. ಅದು ಇರುವುದು ಇಂಟರ್‌ನೆಟ್ ಇಲ್ಲದ ಕಡೆಯೂ ತುರ್ತಿಗೆ ಬೀಗ ತೆಗೆಯಲು ಅನುಕೂಲವಾಗಲಿ ಎಂದು. ಅಜ್ಜಿಯ ಬಾಯಲ್ಲಿ ಕೇಳಿಸಿದರೆ ಅಮ್ಮ ಇಲ್ಲವೆನ್ನುವುದಿಲ್ಲ ಎಂಬುದನ್ನು ಮಗಳು ಬೇಗ ಕಲಿತಳು. ಇದರಲ್ಲಿ ತಂತ್ರಾಂಶದ ದೋಷವೇನೂ ಇಲ್ಲ. ಹಗಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹಿರಿಯರು ಒಪ್ಪದ ಯಾವ ನಿಯಮವೂ ನಮ್ಮ ಮನೆಗಳಲ್ಲಿ ನಿಲ್ಲುವುದಿಲ್ಲ, ಅಷ್ಟೆ. ಆದ್ದರಿಂದ ಇದನ್ನು ಹಾಕಿಕೊಳ್ಳುವ ಮೊದಲು ಅಜ್ಜಿ ತಾತನನ್ನು ಕೂಡಿಸಿಕೊಂಡು ವಿವರಿಸಬೇಕು, ಮತ್ತು ಮಗು ಊಟ ಮಾಡಲೆಂದು ಅವರು ತಮ್ಮ ಫೋನನ್ನು ತಟ್ಟೆಯ ಮುಂದೆ ನಿಲ್ಲಿಸುವ ಅಭ್ಯಾಸವಿದ್ದರೆ ಅದರ ಬಗ್ಗೆ ಮೃದುವಾಗಿಯಾದರೂ ಮಾತನಾಡಬೇಕು.

ಇಲ್ಲಿಗೆ ನನ್ನ ಮುಖ್ಯ ತಕರಾರು ಬಂತು. ಒಂದು ಮಗುವಿಗೆ ಒಂದು ಖಾತೆ, ಆ ಖಾತೆಯಿರುವ ಫೋನ್ ಆ ಮಗುವಿನದ್ದೇ ಎಂಬ ಕಲ್ಪನೆಯ ಮೇಲೆ ಈ ಆ್ಯಪ್ ನಿಂತಿದೆ. ನಮ್ಮ ಮನೆಗಳಲ್ಲಿ ಮಗುವಿನ ಪರದೆಯ ದೊಡ್ಡ ಪಾಲು ಅಮ್ಮನ ಫೋನಿನಲ್ಲಿ, ಅಜ್ಜಿಯ ಫೋನಿನಲ್ಲಿ, ಹಾಲ್‌ನ ಟಿವಿಯಲ್ಲಿ ಕಳೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ತಾನಾಗಿ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು, ಹೀಗಾಗಿ ಆರನೇ ತರಗತಿಯ ಹೋಂವರ್ಕಿನ ಗುಂಪು ಇರುವುದು ಅಮ್ಮನ ಫೋನಿನಲ್ಲಿ. ಸಂಜೆ ಏಳರ ಹೊತ್ತಿಗೆ ಶಾಲೆಯಿಂದ ಒಂದರ ಹಿಂದೆ ಒಂದು ಪಿಡಿಎಫ್ ಬರುತ್ತದೆ, ಅದನ್ನು ನೋಡಿ ಬರೆಯಬೇಕು, ಬರೆದದ್ದರ ಫೋಟೊ ತೆಗೆದು ಕಳಿಸಬೇಕು. ಈ ನೆಪದಲ್ಲಿ ಮಗು ಅಮ್ಮನ ಫೋನ್ ಹಿಡಿದು ಕೂರುವ ಒಂದೂವರೆ ಗಂಟೆಯ ಮೇಲೆ ಫ್ಯಾಮಿಲಿ ಲಿಂಕ್‌ಗೆ ಯಾವ ಅಧಿಕಾರವೂ ಇಲ್ಲ, ವಾರದ ಕೊನೆಗೆ ಅದು ತೋರಿಸುವ ಬಳಕೆಯ ಪಟ್ಟಿಯಲ್ಲಿ ಅದರ ಸುಳಿವೂ ಸಿಗುವುದಿಲ್ಲ. ಪಟ್ಟಿಯಲ್ಲಿ ದಿನಕ್ಕೆ ಐವತ್ತು ನಿಮಿಷ ಎಂದು ನೋಡಿ ನೆಮ್ಮದಿಪಡುವ ತಾಯಿ, ಉಳಿದ ಒಂದೂವರೆ ಗಂಟೆ ತನ್ನದೇ ಫೋನಿನಲ್ಲಿ ಅಡಗಿದೆ ಎಂಬುದನ್ನು ಕಾಣುವುದಿಲ್ಲ. ನಾವು ಚಾಪೆಯ ಕೆಳಗೆ ತೂರಿದರೆ ಮಕ್ಕಳು ರಂಗೋಲಿಯ ಕೆಳಗೆ ತೂರುತ್ತಾರೆ. ಇಲ್ಲಿ ಮಾತ್ರ ರಂಗೋಲಿ ಹಾಕಿಕೊಟ್ಟವರು ಶಾಲೆಯವರು.

ಇದಕ್ಕೆ ಆ್ಯಪ್‌ನ ಹೊರಗೆ ಎರಡು ಪರಿಹಾರಗಳಿವೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನ ಭದ್ರತೆಯ ಭಾಗದಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯವಿದೆ. ಹೋಂವರ್ಕಿನ ಕಡತವನ್ನು ತೆರೆದು, ಹೊರಬರಲು ಫೋನಿನ ಲಾಕ್ ಸಂಖ್ಯೆ ಕೇಳುವಂತೆ ಪಿನ್ ಮಾಡಿ ಕೊಟ್ಟರೆ, ಆ ಸಂಖ್ಯೆ ಗೊತ್ತಿಲ್ಲದೆ ಮಗು ಅದರಿಂದ ಹೊರಗೆ ಬಂದು ಬೇರೆ ಆ್ಯಪ್ ತೆರೆಯಲು ಆಗುವುದಿಲ್ಲ. ಎರಡನೆಯದು ಇನ್ನೂ ಸರಳ: ಬೀದಿಯ ತುದಿಯ ಜೆರಾಕ್ಸ್ ಅಂಗಡಿಗೆ ಕಡತ ಕಳಿಸಿ, ಪುಟಕ್ಕೆ ಎರಡು ಮೂರು ರೂಪಾಯಿ ಕೊಟ್ಟು, ಕಾಗದದ ಮೇಲೆ ಮುದ್ರಿಸಿ ತರುವುದು. ಕಾಗದ ಸಿಕ್ಕಿದ ದಿನ ಅದೇ ಹೋಂವರ್ಕ್ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಪೋಷಕರ ಸಭೆಯಲ್ಲಿ ಹೋಂವರ್ಕನ್ನು ಡೈರಿಯಲ್ಲಿಯೇ ಬರೆಸಿ ಕಳಿಸಿ ಎಂದು ಕೇಳಿದವರಿಗೆ ನಮ್ಮ ಮಕ್ಕಳ ಶಾಲೆ ಕೊಟ್ಟ ಉತ್ತರ, ಡಿಜಿಟಲ್ ಯುಗದಲ್ಲಿ ಇದೆಲ್ಲ ಅನಿವಾರ್ಯ ಎಂಬುದಾಗಿತ್ತು. ಅದೇ ಶಾಲೆ ಮರು ತಿಂಗಳು ಮೊಬೈಲ್ ಚಟದ ಬಗ್ಗೆ ಪೋಷಕರಿಗೆ ಉಪನ್ಯಾಸ ಏರ್ಪಡಿಸಿತು.

ಯೂಟ್ಯೂಬಿನ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಮಕ್ಕಳ ಹೊತ್ತನ್ನು ನುಂಗುವುದರಲ್ಲಿ ಅದಕ್ಕೇ ಅಗ್ರಸ್ಥಾನ. ಚಿಕ್ಕ ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್ ಇದೆ. ಅದರಲ್ಲಿ ನಾವೇ ಆರಿಸಿದ ವಿಡಿಯೊ ಮತ್ತು ಚಾನೆಲ್‌ಗಳು ಮಾತ್ರ ಕಾಣುವಂತೆ ಮಾಡಬಹುದು, ಆರು ವರ್ಷದೊಳಗಿನವರಿಗೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಗೂಗಲ್‌ನ ಈ ಇಡೀ ಸಂಸಾರದಲ್ಲಿ ಇನ್ನೊಂದಿಲ್ಲ. ಅದರಿಂದ ಬೆಳೆದವರಿಗೆ 2021ರಲ್ಲಿ ಮೂರು ಹಂತಗಳ ಮೇಲ್ವಿಚಾರಣೆಯ ಯೂಟ್ಯೂಬ್ ಬಂತು. ಮೊದಲ ಹಂತ ಸುಮಾರು ಒಂಬತ್ತು ವರ್ಷ ಮೇಲ್ಪಟ್ಟವರಿಗೆ, ಎರಡನೆಯದು ಹದಿಮೂರು ಮೇಲ್ಪಟ್ಟವರಿಗೆ ಹೊಂದುವ ವಿಡಿಯೊಗಳದ್ದು, ಮೂರನೆಯದರಲ್ಲಿ ವಯಸ್ಕರಿಗೆ ಮೀಸಲಾದದ್ದು ಬಿಟ್ಟು ಹೆಚ್ಚುಕಡಿಮೆ ಎಲ್ಲವೂ. ಯಂತ್ರ ಸೋಸುವ ಜರಡಿಯಲ್ಲಿ ಎಲ್ಲ ಕಸವೂ ನಿಲ್ಲುವುದಿಲ್ಲ ಎಂಬುದನ್ನು ಗೂಗಲ್ ತಾನೇ ಒಪ್ಪಿಕೊಳ್ಳುತ್ತದೆ, ಆದ್ದರಿಂದ ಮಗು ನೋಡಿದ ವಿಡಿಯೊಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ಮಗುವಿನ ಜೊತೆಯಲ್ಲಿಯೇ ಕುಳಿತು ನೋಡುವುದು ಒಳ್ಳೆಯದು. ಕದ್ದು ನೋಡಿದರೆ ಮಗು ಮುಂದಿನ ವಾರದಿಂದ ಅಜ್ಜಿಯ ಫೋನಿನಲ್ಲಿ ನೋಡಲು ಕಲಿಯುತ್ತದೆ.

ಕ್ರೋಮ್ ಬ್ರೌಸರಿನಲ್ಲಿ ಅಶ್ಲೀಲ ತಾಣಗಳನ್ನು ತಡೆಯುವ ಏರ್ಪಾಡಿದೆ, ಮೇಲ್ವಿಚಾರಣೆಯ ಖಾತೆಗೆ, ನೋಡಿದ್ದರ ದಾಖಲೆ ಉಳಿಸದ ಗುಪ್ತ ವಿಂಡೊ ಸಿಗುವುದಿಲ್ಲ. 2025ರಲ್ಲಿ ಸೇರಿದ ಸ್ಕೂಲ್ ಟೈಮ್ ತರಗತಿಯ ಹೊತ್ತಿನಲ್ಲಿ ಫೋನನ್ನು ಮಿತಿಯಲ್ಲಿಡುತ್ತದೆ. ಶಾಲೆಗೆ ಫೋನ್ ಒಯ್ಯಲು ಬಿಡದ ಮನೆಗಳಿಗೆ ಅದರ ಅಗತ್ಯವಿಲ್ಲ. ಮಗು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವ ಸೌಲಭ್ಯ ಮಳೆ ಬಂದು ಶಾಲೆಯ ವ್ಯಾನ್ ಎಲ್ಲೋ ಸಿಕ್ಕಿಹಾಕಿಕೊಂಡ ಸಂಜೆ ಸಮಾಧಾನ ಕೊಡುತ್ತದೆ ಎಂಬುದು ನಿಜ. ಆದರೆ ಮೆಟ್ರೊದಲ್ಲಿ ತಾನಾಗಿ ಓಡಾಡುವ ವಯಸ್ಸಿನ ಮಗನಿಗೆ ಅದನ್ನು ಹೇಳದೆ ಚಾಲೂ ಇಡುವುದು ನನಗೆ ಸರಿಕಾಣಲಿಲ್ಲ, ಅವನ ಫೋನಿನಲ್ಲಿ ಅದು ಇಲ್ಲ.

ಬೀಗ ಬಿದ್ದ ಮೇಲೆ ಮಗು ಏನು ಮಾಡಬೇಕು ಎಂಬ ಪ್ರಶ್ನೆಗೆ ಯಾವ ಆ್ಯಪ್‌ನಲ್ಲೂ ಉತ್ತರವಿಲ್ಲ. ಬೀದಿಗಳಲ್ಲಿ ಎರಡೂ ಬದಿ ಕಾರುಗಳು ನಿಂತಿರುತ್ತವೆ, ಬಡಾವಣೆಯ ಎಷ್ಟೋ ಪಾರ್ಕುಗಳಲ್ಲಿ ಚೆಂಡಾಟ ನಿಷಿದ್ಧ ಎಂಬ ಫಲಕವಿರುತ್ತದೆ, ಮೈದಾನ ಇರುವಲ್ಲಿಗೆ ಕರೆದುಕೊಂಡು ಹೋಗುವವರಿಲ್ಲ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆ ಎಂಬುದು ಕಣ್ಣಿನ ವೈದ್ಯರು ಮತ್ತೆ ಮತ್ತೆ ಹೇಳುವ ಮಾತು, ಆದರೆ ಆ ಬೆಳಕಿಗೆ ಮಕ್ಕಳನ್ನು ತಲುಪಿಸುವುದೇ ಈ ಊರಿನಲ್ಲಿ ಒಂದು ಯೋಜನೆ. ನಮಗೆ ರಾಮಾಂಜನೇಯ ಗುಡ್ಡ ಹತ್ತಿರವಿರುವುದು ಪುಣ್ಯ. ರಜೆಯ ದಿನಗಳಲ್ಲಿ ಕಬ್ಬನ್ ಪಾರ್ಕಿನ ಬಾಲಭವನ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ನೆಹರೂ ತಾರಾಲಯ ಎಂದು ಸುತ್ತಿಸಬಹುದು. ವಾರದ ದಿನಗಳ ಸಂಜೆ ಆರರಿಂದ ಎಂಟರ ನಡುವಿನ ಹೊತ್ತೇ ಕಷ್ಟದ್ದು. ಮನೆಯಲ್ಲಿ ಕೇರಂ ಬೋರ್ಡನ್ನು ಮಂಚದ ಕೆಳಗಿನಿಂದ ತೆಗೆದು ಹಾಲ್‌ನಲ್ಲಿ ಸದಾ ಹಾಸಿಯೇ ಇಟ್ಟದ್ದರಿಂದ ಆದಷ್ಟು ಉಪಕಾರ ಸಮಯಮಿತಿಯಿಂದ ಆಗಲಿಲ್ಲ.

ಹದಿಹರೆಯದವರ ಮಟ್ಟಿಗೆ ಈ ಆ್ಯಪ್‌ನ ಶಕ್ತಿ ಕುಗ್ಗುತ್ತದೆ, ಕುಗ್ಗಬೇಕಾದದ್ದೇ ಸರಿ. ಮಗುವಿಗೆ 13 ತುಂಬಿದ ಮೇಲೆ, ಪೋಷಕರ ಒಪ್ಪಿಗೆಯಿದ್ದರೆ, ತನ್ನ ಖಾತೆಯನ್ನು ತಾನೇ ನೋಡಿಕೊಳ್ಳುವ ಅರ್ಹತೆ ಬರುತ್ತದೆ. ಹದಿಮೂರರ ಹುಟ್ಟುಹಬ್ಬಕ್ಕೆ ಮೊದಲೇ ಯಾವ ನಿಯಮ ಉಳಿಯುತ್ತದೆ, ಯಾವುದು ಸಡಿಲವಾಗುತ್ತದೆ ಎಂದು ಕುಳಿತು ಮಾತನಾಡಿಕೊಂಡಿದ್ದರೆ ಆ ದಿನ ಮನೆಯಲ್ಲಿ ರಂಪವಾಗುವುದಿಲ್ಲ. ಮಗನ ಫೋನಿನಲ್ಲಿ ರಾತ್ರಿಯ ಬೀಗ ಮತ್ತು ಆಟದೊಳಗಿನ ಖರ್ಚಿಗೆ ಅನುಮತಿ ಮಾತ್ರ ಇವೆ, ಎರಡನ್ನೂ ಅವನೇ ಒಪ್ಪಿಕೊಂಡದ್ದು, ಹೊತ್ತನ್ನು ಹತ್ತೂವರೆಗೆ ಎಂದು ಗೊತ್ತುಮಾಡಿದವನೂ ಅವನೇ. ಇನ್‌ಸ್ಟಾಗ್ರಾಂ ಭಾರತದಲ್ಲಿ 2025ರ ಫೆಬ್ರುವರಿಯಿಂದ ಹದಿಹರೆಯದವರಿಗೆ ಪ್ರತ್ಯೇಕ ರೀತಿಯ ಖಾತೆಗಳನ್ನು ಜಾರಿಗೆ ತಂದಿದೆ. ಅವು ಖಾಸಗಿಯಾಗಿಯೇ ತೆರೆದುಕೊಳ್ಳುತ್ತವೆ, ದಿನಕ್ಕೆ 60 ನಿಮಿಷ ಆದಾಗ ನೆನಪಿಸುತ್ತವೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೂಚನೆಗಳನ್ನು ತಡೆಯುತ್ತವೆ, 16ರ ಒಳಗಿನವರು ಇವನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಆ ಆ್ಯಪ್‌ನ ಒಳಗೆ ಯಾರು ಏನು ಕಳಿಸಿದರು, ಯಾರು ಹೀಯಾಳಿಸಿದರು ಎಂಬುದನ್ನು ಫ್ಯಾಮಿಲಿ ಲಿಂಕ್ ತೋರಿಸುವುದಿಲ್ಲ, ಎಷ್ಟು ನಿಮಿಷ ತೆರೆದಿತ್ತು ಎಂದಷ್ಟೇ ಹೇಳುತ್ತದೆ. ತರಗತಿಯ ಗುಂಪಿನಿಂದ ತನ್ನನ್ನು ತೆಗೆದುಹಾಕಿದ ಸಂಜೆ ಮಗ ಊಟ ಬಿಟ್ಟು ಮಲಗಿದ್ದ. ಅಂದಿನ ಬಳಕೆಯ ಪಟ್ಟಿಯಲ್ಲಿ ಇದ್ದದ್ದು ಎಂದಿಗಿಂತ ಕಡಿಮೆ ನಿಮಿಷಗಳು.

ಭಾರತದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ, 2023, 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಆ್ಯಪ್‌ಗಳು 13 ಎನ್ನುತ್ತವೆ, ಕಾನೂನು 18 ಎನ್ನುತ್ತದೆ, ನಡುವಿನ ಐದು ವರ್ಷಗಳನ್ನು ಸದ್ಯಕ್ಕೆ ಮನೆಯವರೇ ಮಾತಿನಲ್ಲಿ ನಿಭಾಯಿಸಬೇಕು.

ಫೋನ್ ಕೊಡದಿದ್ದರೆ ಮಗು ವಸ್ತುಗಳನ್ನು ಒಡೆಯುತ್ತದೆ, ಶಾಲೆಗೆ ಹೋಗಲು ಒಪ್ಪುವುದಿಲ್ಲ, ಊಟ ನಿದ್ದೆ ಸ್ನೇಹ ಎಲ್ಲವನ್ನೂ ಬಿಟ್ಟು ತಿಂಗಳುಗಟ್ಟಲೆ ಆಟಕ್ಕೇ ಅಂಟಿಕೊಂಡಿದೆ ಎನ್ನುವ ಹಂತ ತಲುಪಿದ್ದರೆ ಯಾವ ಆ್ಯಪ್‌ನ ಬೀಗವೂ ಸಾಲದು, ಒಮ್ಮೆಲೇ ಬೀಗ ಹಾಕಿದರೆ ಪರಿಸ್ಥಿತಿ ಇನ್ನೂ ಕೆಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 2022ರಿಂದ ಜಾರಿಯಲ್ಲಿರುವ ಆವೃತ್ತಿಯಲ್ಲಿ ಗೇಮಿಂಗ್ ಸಂಬಂಧಿತ ಅಸ್ವಸ್ಥತೆಗೆ ಸ್ಥಾನ ಸಿಕ್ಕಿದೆ. ಅದಕ್ಕೆ ಬಹಳ ಮೊದಲು, 2014ರಲ್ಲಿಯೇ, ನಮ್ಮೂರಿನ ನಿಮ್ಹಾನ್ಸ್ ಶಟ್ ಕ್ಲಿನಿಕ್ ಎಂಬ ಹೆಸರಿನಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿಯೇ ಒಂದು ಸೇವೆಯನ್ನು ಆರಂಭಿಸಿತು. ಅಲ್ಲಿಗೆ ಹೋಗಲು ಹಿಂಜರಿಯುವವರು ಅಥವಾ ಹೋಗಬೇಕೇ ಬೇಡವೇ ಎಂದು ತಿಳಿಯದವರು ಕೇಂದ್ರ ಸರ್ಕಾರದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಮೊದಲು ಕರೆ ಮಾಡಬಹುದು: ಸಂಖ್ಯೆ 14416, ಹಗಲು ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು, ಮತ್ತು ಕರೆ ಮಾಡುವುದಕ್ಕೆ ಮಗುವಿನ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ.